ಬಾಗಿಲು ಕೊನೆಗೆ

ಟೈಲರ್ ಸಾಬರ ಕೊರಳಲ್ಲಿ ಸದಾ ನೇತಾಡುತ್ತಿದ್ದ ಅಳತೆ ಟೇಪಿನಲ್ಲಿ ಮೊದಲ ಎರಡು ಇಂಚಿನ ಅಂಕಿಗಳೇ ಇರಲಿಲ್ಲ. ಹೆಬ್ಬೆರಳು ಒತ್ತಿ ಒತ್ತಿ ಹಳದಿ ಬಣ್ಣ ಸವೆದು, ಒಳಗಿನ ಬಿಳಿ ನೇಯ್ಗೆ ಕಾಣುತ್ತಿತ್ತು. ಅವರು ಎರಡರ ಗೆರೆಯಿಂದ ಹಿಡಿದು ಅಳೆಯುತ್ತಿದ್ದರು, ಬಂದದ್ದರಲ್ಲಿ ಮನಸ್ಸಿನಲ್ಲೇ ಎರಡು ಕಳೆಯುತ್ತಿದ್ದರು. ಹೊಸ ಟೇಪು ಮೇಜಿನ ಖಾನೆಯಲ್ಲಿ ಪ್ಲಾಸ್ಟಿಕ್ ಕವರಿನ ಸಮೇತ ಇತ್ತು. ನಾನೇ ನೋಡಿದ್ದೇನೆ. ಅದನ್ನೇಕೆ ಬಳಸುವುದಿಲ್ಲ ಎಂದರೆ, "ಅದಿರ್ಲಿ ಬುಡಿ ಸಾರ್, ಇದಕ್ಕೆ ನನ್ ಕೈ ಗೊತ್ತು" ಎನ್ನುತ್ತಿದ್ದರು.

ಆ ಟೇಪನ್ನು ನಾನು ಮೊದಲು ಕಂಡದ್ದು ಅಂಗಡಿಯಲ್ಲಲ್ಲ, ಕುಸಿದ ಗೋಡೆಯೊಂದರ ಮೇಲೆ.

ಆಗ ನಾನು ತಿಪಟೂರಿನಲ್ಲಿ ದಿನಪತ್ರಿಕೆಯೊಂದರ ವರದಿಗಾರ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕಿನ ಸುದ್ದಿ ನನ್ನ ಪಾಲಿಗಿತ್ತು. ಆ ವರ್ಷ ಮಳೆ ಬಿಡದೆ ಹಿಡಿದು, ಶೆಟ್ಟಿಕೆರೆ ಕಡೆಯ ಸಣ್ಣ ಕೆರೆಯೊಂದರ ಏರಿ ಬೆಳಗಿನ ಹೊತ್ತು ಒಡೆಯಿತು. ಏರಿಯ ಕೆಳಗೆ ಹದಿನಾರು ಮನೆಗಳ ಒಂದು ಕಾಲೊನಿ ಇತ್ತು. ಎಲ್ಲ ಕೂಲಿಯವರು. ಮನೆಗೆ ಹತ್ತೋ ಹದಿನೈದೋ ತೆಂಗಿನ ಮರ, ಅಷ್ಟೇ ಆಸ್ತಿ. ಸದ್ದು ಕೇಳಿ ಮೇಲಕ್ಕೆ ಓಡಿದ್ದರಿಂದ ಜೀವಗಳು ಉಳಿದವು. ಮಣ್ಣಿನ ಗೋಡೆಗಳು ಉಳಿಯಲಿಲ್ಲ. ಅಟ್ಟಗಳು ಕುಸಿದು, ಅವುಗಳ ಮೇಲಿದ್ದ ತೆಂಗಿನಕಾಯಿಗಳು ನೀರಿನಲ್ಲಿ ತೇಲಿ ಕೆಳಗಿನ ತೋಟಗಳಿಗೆ ಹೋದವು. ನಾನು ಹೋದಾಗ ಬದುಗಳ ಉದ್ದಕ್ಕೂ ಕೆಸರಲ್ಲಿ ಕಾಯಿಗಳು ಬಿದ್ದಿದ್ದವು. ಯಾರದು ಯಾವುದು ಎಂದು ಹೇಳುವಂತಿರಲಿಲ್ಲ.

ಅಟ್ಟ ಎಂದರೆ ನಮ್ಮ ಕಡೆ ಬರೀ ಸಾಮಾನು ಇಡುವ ಜಾಗವಲ್ಲ. ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಕೆಳಗೆ ಒಲೆ ಉರಿಯುತ್ತದೆ, ಮೇಲೆ ಹೊಗೆ ಕಾಯಿಗೆ ತಾಗುತ್ತದೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಾಡಿಸಿದರೆ ನೀರಿನ ಸದ್ದು ಹೋಗಿ ಒಳಗೆ ಉಂಡೆ ಗೊಟಗೊಟ ಎನ್ನಬೇಕು. ಅಲ್ಲಿಯವರೆಗೆ ಯಾರೂ ಒಡೆಯುವುದಿಲ್ಲ. ಅಟ್ಟ ಇದ್ದವನು ಕಾಯಬಲ್ಲ. ಇಲ್ಲದವನು ಕಾಯಿ ಬಿದ್ದ ವಾರವೇ ಕೊಟ್ಟಷ್ಟಕ್ಕೆ ಮಾರಬೇಕು.

ಏರಿ ಒಡೆದ ಮೇಲೆ ಒಂದು ತಿಂಗಳು ಕಾಲೊನಿಗೆ ಲಾರಿಗಳು ಬಂದವು. ಅಕ್ಕಿ, ಕಂಬಳಿ, ಬಿಸ್ಕತ್ತು, ಯಾರೋ ಉಟ್ಟು ಬಿಟ್ಟ ಸೀರೆಗಳು. ಆಮೇಲೆ ನಿಂತವು. ನಿಂತ ಮೇಲೆ ಏನಾಗಿದೆ ಎಂದು ನೋಡಲು ಹೋದವನಿಗೆ, ಬಿಳಿ ಗಡ್ಡದವರೊಬ್ಬರು ಕುಕ್ಕರಗಾಲಿನಲ್ಲಿ ಕೂತು ಗೋಡೆಯ ಮೇಲಿನ ಕೆಸರಿನ ಗೆರೆ ನೆಲದಿಂದ ಎಷ್ಟು ಎತ್ತರ ಇದೆ ಎಂದು ಟೇಪು ಹಿಡಿದು ಅಳೆಯುತ್ತಿರುವುದು ಕಾಣಿಸಿತು. ಪಕ್ಕದಲ್ಲಿ ಟಿವಿಎಸ್ ಮೊಪೆಡ್ಡು. ತಿಪಟೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯ ಟೈಲರ್ ಎಂದು ಗುರುತು ಹತ್ತಿತು.

"ಎಲ್ಲ ಬಂದು ಹೋದ ಮೇಲೆ ಬಂದಿದ್ದೀರಲ್ಲ ಸಾಬ್ರೆ" ಎಂದೆ.

"ಜನ ಜಾಸ್ತಿ ಇದ್ರೆ ಅಳತೆ ಸರಿ ಸಿಕ್ಕಲ್ಲ ಸಾರ್" ಎಂದರು, ತಲೆ ಎತ್ತದೆ.

ಅವರು ಒಂದು ಟ್ರಸ್ಟಿನ ಪರವಾಗಿ ಬಂದಿದ್ದರು. ಹಿಂದೆ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡಿ ಬೆಂಗಳೂರಿಗೆ ಹೋಗಿ ನೆಲೆಸಿದ ಕುಟುಂಬವೊಂದು ನಡೆಸುವ ಸಣ್ಣ ಟ್ರಸ್ಟು ಅದು. ಅವರು ಪ್ರತಿವರ್ಷ ಸರ್ಕಾರಿ ಶಾಲೆಗಳಿಗೆ ಯೂನಿಫಾರಂ ಕೊಡುತ್ತಿದ್ದರು. ಹೊಲಿಯುತ್ತಿದ್ದದ್ದು ಸಾಬರು. ಬೇರೆಯವರು ಹೊಲಿದ ಚಡ್ಡಿ ಒಂದು ವರ್ಷಕ್ಕೆ ಬಿಗಿಯಾದರೆ ಸಾಬರದು ಎರಡು ವರ್ಷ ಬರುತ್ತಿತ್ತು. ಹೊಲಿಗೆಯ ಒಳಗೆ ಎರಡೆರಡು ಇಂಚು ಬಟ್ಟೆ ಮಡಚಿ ಬಿಟ್ಟಿರುತ್ತಿದ್ದರು. ಮಗು ಬೆಳೆದಾಗ ತಾಯಿ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಳ್ಳಬಹುದಿತ್ತು. ಟ್ರಸ್ಟಿನ ಹಿರಿಯರು ಇದನ್ನು ನೆನಪಿಟ್ಟುಕೊಂಡಿದ್ದರು. ಏರಿ ಒಡೆದಾಗ ಏನಾದರೂ ಮಾಡಬೇಕೆಂದು ಅವರಿಗೆ ಅನಿಸಿ, ಯಾರಿಗೆ ಏನು ಕೊಡಬೇಕು ಎಂದು ನೋಡಿ ಹೇಳುವ ಕೆಲಸವನ್ನು ಸಾಬರಿಗೆ ಒಪ್ಪಿಸಿದ್ದರು. ಸಂಬಳ ಇರಲಿಲ್ಲ. ಪೆಟ್ರೋಲನ್ನೂ ಸಾಬರು ತೆಗೆದುಕೊಳ್ಳಲಿಲ್ಲ.

ಅವರ ಕೆಲಸದ ರೀತಿಯನ್ನು ನಾನು ಆ ದಿನ ಸಂಜೆಯವರೆಗೂ ನಿಂತು ನೋಡಿದೆ. ಗಿರಾಕಿಗಳ ಅಳತೆ ಬರೆಯುವ ಉದ್ದನೆಯ ಪುಸ್ತಕವನ್ನೇ ತಂದಿದ್ದರು. ಮನೆಗೊಂದು ಪುಟ. ಏನು ಬೇಕು ಎಂದು ಯಾರನ್ನೂ ಕೇಳಲಿಲ್ಲ. ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ: "ಹೋದ್ವರ್ಷ ಈ ಹೊತ್ನಲ್ಲಿ ಏನ್ ಮಾಡ್ತಿದ್ರಿ?"

"ಏನ್ ಬೇಕು ಅಂತ ಕೇಳಿದ್ರೆ ಎಲ್ರೂ ಸೂರಿಗ್ ಸೀಟು, ಸಿಮೆಂಟು ಅಂತಾರೆ ಸಾರ್" ಎಂದು ಆಮೇಲೆ ನನಗೆ ವಿವರಿಸಿದರು. "ಪಾಪ, ಲಾರಿಯೋರು ಕೇಳಿ ಕೇಳಿ ಅದೇ ಬಾಯಿಪಾಠ ಆಗೈತೆ. ಹೋದ್ವರ್ಷದ್ದು ಕೇಳಿದ್ರೆ ಬದುಕು ಹೇಳ್ತಾರೆ."

ಕಾಲೊನಿಯ ಕೊನೆಯ ಮನೆಯಲ್ಲಿ ಒಬ್ಬಾಕೆ ಇದ್ದಳು. ಎಲ್ಲರೂ ಕೊನೆಮನೆ ಅವ್ವ ಎನ್ನುತ್ತಿದ್ದರು. ಮಾತು ಖಾರ. ಪ್ರಶ್ನೆ ಕೇಳಿ ಸಾಬರನ್ನು ಮೇಲಿಂದ ಕೆಳಗೆ ನೋಡಿದಳು.

"ಹೋದ್ವರ್ಷವಾ? ಅಟ್ಟದ್ ಮ್ಯಾಲೆ ಕಾಯಿ ಇದ್ವು, ಕೆಳಗ್ ನಾವಿದ್ವಿ ಕಣಪ್ಪ. ಈಗ ಎರಡೂ ಬೀದಿಗ್ ಬಂದೈತೆ. ಬರ್ಕೊ."

ಸಾಬರು ಬರೆದುಕೊಂಡರು. ಹದಿನಾರು ಪುಟದಲ್ಲಿ ಹದಿಮೂರರಲ್ಲಿ ಅಟ್ಟ ಎಂಬ ಪದ ಇತ್ತು. ಗೋಡೆಗೆ ಸರ್ಕಾರದ ಪರಿಹಾರ ಬರುವುದಿತ್ತು. ಟ್ರಸ್ಟು ಸೂರು ಮತ್ತು ಅಟ್ಟ ಹಾಕಿಸಿಕೊಡಲಿ, ಅಟ್ಟದ ಕಾಯಿ ಒಣಗುವವರೆಗೆ ಅವರು ಹಸಿಕಾಯಿ ಮಾರಿಕೊಳ್ಳದ ಹಾಗೆ ಮನೆಗೆ ತಿಂಗಳ ದಿನಸಿ ಕೊಡಲಿ, ಇದು ಸಾಬರು ಹೇಳಿದ್ದು. ಜೊತೆಗೆ ಇನ್ನೊಂದು ಮಾತಿಗೆ ಹಟ ಹಿಡಿದರು. ಮೊದಲ ಕಂತಿನಲ್ಲಿ ಒಂದು ಭಾಗಕ್ಕೆ ಯಾವ ಖರ್ಚಿನ ಹೆಸರೂ ಹಚ್ಚಬಾರದು. ಅದು ಕಾಲೊನಿಯ ಹೆಂಗಸರ ಕೈಯಲ್ಲಿ ಸುಮ್ಮನೆ ಇರಬೇಕು. ಯಾತಕ್ಕೆ ಎಂದು ಟ್ರಸ್ಟಿನವರು ಕೇಳಿದರೆ, "ಯಾತಕ್ಕೆ ಅಂತ ಈಗ್ಲೇ ಗೊತ್ತಿದ್ರೆ ಅದನ್ನೂ ಬರ್ದು ಕೊಡ್ತಿದ್ದೆ. ಒಳಗೆ ಬಟ್ಟೆ ಬಿಡಬೇಕು ಸ್ವಾಮಿ, ಬೆಳೆಯೋ ಮೈಗೆ" ಎಂದರಂತೆ. ಹಿರಿಯರು ನಕ್ಕು ಒಪ್ಪಿದರು. ಕಚೇರಿಯವರು ನಗದೆ ಒಪ್ಪಿದರು. ಎರಡನೇ ಕಂತು ಕೊಡುವ ಮುಂಚೆ, ಕೆಲಸ ಎಷ್ಟಾಗಿದೆ ಎಂದು ನೋಡಿಯೇ ಕೊಡುವುದು ಎಂಬ ಷರತ್ತು ಹಾಕಿದರು.

ಎರಡು ತಿಂಗಳಲ್ಲಿ ಗೋಡೆ ಎದ್ದವು, ಸೂರು ಬಂತು. ತೆಂಗಿನ ತೊಲೆಯ ಮೇಲೆ ಅಡಿಕೆ ಮರ ಸೀಳಿದ ದಬ್ಬೆ ಹಾಸಿ ಅಟ್ಟ ಕಟ್ಟಿದರು. ಆ ಸಲದ ಕಾಯಿಯನ್ನೆಲ್ಲ ಮೇಲೇರಿಸಿದರು. ಬಾಗಿಲು ಎರಡನೇ ಕಂತಿಗೆ ಎಂದು, ಸದ್ಯಕ್ಕೆ ಗೋಣಿಚೀಲ ಕಟ್ಟಿದರು. ಕಾಯಿ ಹೊತ್ತು ಬಾಗಿ ಬಾಗಿ ಓಡಾಡುವವರಿಗೆ ಅದೇ ಸಲೀಸು ಎಂದು ನಗಾಡಿದರು.

ಅದೇ ಗೋಣಿಚೀಲ ನನ್ನ ಕಣ್ಣಿಗೆ ಬಿತ್ತು.

ಏರಿ ಒಡೆದು ಆರು ತಿಂಗಳಾದಾಗ ಡೆಸ್ಕಿನಿಂದ ಫೋನು ಬಂತು, ಕಾಲೊನಿ ಏನಾಗಿದೆ ನೋಡಿ ಬರೆಯಿರಿ ಎಂದು. ಹೋದೆ. ಹದಿನಾರು ಮನೆಯಲ್ಲಿ ಒಂದಕ್ಕೂ ಬಾಗಿಲಿರಲಿಲ್ಲ. ಎಣಿಸಿದೆ, ಫೋಟೋ ತೆಗೆದೆ, ಮೂವರನ್ನು ಮಾತಾಡಿಸಿದೆ. ನಾಯಿ ಒಳಗೆ ಬರುತ್ತದೆ ಎಂದು ಒಬ್ಬರು, ಚಳಿ ಎಂದು ಒಬ್ಬರು ಹೇಳಿದರು. ನಿಯಮದಂತೆ ಸಾಬರಿಗೂ ಫೋನು ಮಾಡಿ ಅವರ ಪ್ರತಿಕ್ರಿಯೆ ಕೇಳಿದೆ. ಮಿಷನ್ನಿನ ಸದ್ದಿನ ನಡುವೆ ಅವರು ಅಂದದ್ದು ಇಷ್ಟೇ: "ಬಾಗಿಲು ಕೊನೇಗೆ ಸಾರ್." ಅದನ್ನೂ ಹಾಗೇ ಹಾಕಿದೆ. ಡೆಸ್ಕು ಅರ್ಧ ಪುಟ ಕೊಟ್ಟಿತು. ತಲೆಬರಹ, "ಅಟ್ಟ ಬಂತು, ಬಾಗಿಲು ಬರಲಿಲ್ಲ". ಗೋಣಿಚೀಲದ ಫೋಟೋ ನಾಲ್ಕು ಕಾಲಮ್ಮು.

ವರದಿಯಲ್ಲಿ ಸುಳ್ಳು ಒಂದೂ ಇರಲಿಲ್ಲ. ಈಗಲೂ ಅದನ್ನು ಹೇಳಬಲ್ಲೆ. ಆದರೆ ಅಟ್ಟದ ಮೇಲೆ ಏನಿದೆ ಎಂದು ನಾನು ಏಣಿ ಹತ್ತಿ ನೋಡಿರಲಿಲ್ಲ.

ನಾಲ್ಕನೆಯ ದಿನ ಸಾಬರು ನನ್ನ ಕಚೇರಿಗೆ ಬಂದರು. ಪತ್ರಿಕೆಯನ್ನು ಬಟ್ಟೆಯಂತೆ ಅಂಚಿಗೆ ಅಂಚು ಕೂಡಿಸಿ ಮಡಚಿ ತಂದಿದ್ದರು. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡೆ. ಕುರ್ಚಿಯಲ್ಲಿ ಕೂತು ಏದುಸಿರು ಸುಧಾರಿಸಿಕೊಂಡರು. ನಮ್ಮ ಕಚೇರಿಗೆ ಇಪ್ಪತ್ತೆರಡು ಮೆಟ್ಟಿಲಿದ್ದವು.

"ಎರಡು ಸಲ ಓದ್ದೆ. ಒಂದಕ್ಷರ ತಪ್ಪಿಲ್ಲ" ಎಂದರು. "ಆದ್ರೆ ಸಾರ್, ಕಾಜಾ ಹಾಕೋ ಮುಂಚೆ ಅಂಗಿ ಫೋಟೋ ತೆಗ್ದು, ಇದಕ್ಕೆ ಗುಂಡಿ ಇಲ್ಲ ಅಂದಂಗಾಯ್ತು."

"ಏನಾಯ್ತು ಸಾಬ್ರೆ?"

"ಎರಡನೇ ಕಂತು ನಿಲ್ಸವ್ರೆ. ಗುರುವಾರ ಯಾರೋ ಮೇಡಂ ನೋಡೋಕೆ ಬತ್ತಾರಂತೆ. ಅವರು ಒಪ್ಪದಿದ್ರೆ ಮುಗೀತು. ದಿನಸಿ ನಿಂತ್ರೆ ಜನ ಏನ್ ಮಾಡ್ತಾರೆ? ಕಾಯಿ ಇಳಿಸಿ ಮಾರ್ತಾರೆ. ಅಟ್ಟ ಖಾಲಿ ಆಗುತ್ತೆ. ಮುಂದಿನ ವರ್ಷ ಹೋದ್ವರ್ಷ ಏನ್ ಮಾಡ್ತಿದ್ರಿ ಅಂತ ಕೇಳಿದ್ರೆ ಲಾರಿ ಕಾಯ್ತಿದ್ವಿ ಅಂತಾರೆ."

ತಿದ್ದುಪಡಿ ಹಾಕಿ ಎಂದು ಕೇಳಲಿಲ್ಲ. ಕೇಳಿದ್ದರೆ ಹಾಕಲು ಬರುತ್ತಿರಲಿಲ್ಲ, ತಿದ್ದಲು ತಪ್ಪೇ ಇರಲಿಲ್ಲ. ಗುರುವಾರ ನಾನೂ ಬರುತ್ತೇನೆ ಎಂದೆ. "ಬನ್ನಿ, ನಂಗೂ ಡ್ರಾಪ್ ಆಗುತ್ತೆ" ಎಂದು ನಕ್ಕರು.

ಗುರುವಾರ ಬೆಳಿಗ್ಗೆ ಮೇಡಂ ಬರುವ ಎರಡು ಗಂಟೆ ಮುಂಚೆ ನನ್ನ ಬೈಕಿನಲ್ಲಿ ಹೊರಟೆವು. ಕಾಲೊನಿಗೆ ತಿರುಗುವ ಕಡೆ ಟಕ್ ಟಕ್ ಎಂಬ ಸದ್ದು ಕೇಳಿಸಿತು. ತೆಂಗಿನ ಸೀಮೆಯಲ್ಲಿ ಹುಟ್ಟಿದವರಿಗೆ ಆ ಸದ್ದು ಗೊತ್ತು, ಮಚ್ಚಿನಲ್ಲಿ ಚಿಪ್ಪು ಒಡೆಯುವ ಸದ್ದು. ಸಾಬರು ನನ್ನ ಭುಜ ಹಿಡಿದು ಅದುಮಿದರು. ಬೈಕು ನಿಲ್ಲುವ ಮುಂಚೆಯೇ ಇಳಿದು, ಎಡವಿ, ಓಡಿದರು.

ಅಂಗಳದಲ್ಲಿ ಏಳೆಂಟು ಹೆಂಗಸರು ಕೂತು ಕಾಯಿ ಒಡೆಯುತ್ತಿದ್ದರು. ಅಟ್ಟಕ್ಕೆ ಹತ್ತಿ ಇನ್ನೂ ನಾಲ್ಕು ತಿಂಗಳಾಗದ ಕಾಯಿಗಳು. ಒಡೆದ ಹೋಳುಗಳಲ್ಲಿ ತಿರುಳು ಚಿಪ್ಪಿಗೆ ಅಂಟಿಕೊಂಡು ಒದ್ದೆಯಾಗಿ ಹೊಳೆಯುತ್ತಿತ್ತು. ಅವನ್ನು ಚಾಪೆಯ ಮೇಲೆ ಬಿಸಿಲಿಗೆ ಸಾಲಾಗಿ ಹರವಿದ್ದರು.

"ನಿಲ್ಸಿ! ಏನ್ ಮಾಡ್ತಿದ್ದೀರಾ, ನಿಲ್ಸ್ರವ್ವಾ!" ಸಾಬರ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಕೊನೆಮನೆ ಅವ್ವ ಮಚ್ಚು ಕೆಳಗಿಟ್ಟಳು. "ಏನ್ ಮಾಡಾದು ಸಾಬ್ರೆ? ಏನೂ ಆಗಿಲ್ಲ ಅಂತ ಪೇಪರ್ನಾಗ್ ಬಂದೈತಂತಲ್ಲ. ಬಂದೋರಿಗೆ ಏನಾದ್ರೂ ತೋರಿಸ್ಬ್ಯಾಡ್ವಾ?"

"ಇದನ್ನಾ? ಇದು ಕೊಬ್ಬರಿನಾ?"

"ಬೆಂಗಳೂರ್ನೋರಿಗೆ ಏನ್ ಗೊತ್ತಾದಾತು? ಚಾಪೆ ಮ್ಯಾಲ್ ಹಾಕಿದ್ರೆ ಕೊಬ್ಬರಿ ಅಂತ್ಲೇ ಅಂದ್ಕೊತಾರೆ ಬುಡು." ಆಮೇಲೆ ಅವಳ ಕಣ್ಣು ನನ್ನ ಮೇಲೆ ಬಿತ್ತು. "ಬರ್ದೋನು ಇವನೇನಾ? ನಮ್ಮನೆ ಮಜ್ಜಿಗೆ ಕುಡ್ದು ಹೋಗಿದ್ದಲ್ಲೋ ಅಪ್ಪಾ."

ಕುಡಿದಿದ್ದೆ.

ಸಾಬರು ಚಾಪೆಯ ಪಕ್ಕ ಕೂತರು. ಅವರಿಗೆ ಸಿಟ್ಟಿಗಿಂತ ಭಯವಾಗಿತ್ತು. ಅರ್ಧ ಒಣಗಿದ ಕಾಯಿ ಒಡೆದರೆ ಅತ್ತ ಕೊಬ್ಬರಿಯೂ ಅಲ್ಲ, ಇತ್ತ ಮಾರಲು ಹಸಿಕಾಯಿಯೂ ಅಲ್ಲ. ಹದಿನಾರು ಮನೆಯವರೂ ಹೀಗೆ ಒಂದು ಬೆಳಿಗ್ಗೆ ಒಡೆದು ಮುಗಿಸಿದ್ದರೆ ಒಂದು ವರ್ಷವೇ ಹೋಗುತ್ತಿತ್ತು. ಎಷ್ಟು ಒಡೆದಿರಿ ಎಂದು ಕೇಳಿದರು. ನಾಲ್ಕು ಕುಕ್ಕೆ ತುಂಬ ಆಗಿದೆ ಎಂದು ಬುಟ್ಟಿಗಳನ್ನು ತೋರಿಸಿದರು. ಸಾಬರು ಕಣ್ಣು ಮುಚ್ಚಿ ತೆರೆದು, "ಸರಿ. ಇವತ್ತು ಎಲ್ರ ಮನೇಲೂ ಚಟ್ನಿ" ಎಂದರು. ಯಾರೋ ಹುಡುಗಿ ಕಿಸಕ್ಕೆಂದು ನಕ್ಕಳು. ಅವ್ವನೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಮೇಡಂ ಬಂದರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಕೈಯಲ್ಲಿ ಟ್ಯಾಬು. ಅಷ್ಟರಲ್ಲಿ ಹೆಂಗಸರು ಚಾಪೆ ಸುತ್ತಿಡಲು ಹೋದರು. ಸಾಬರು ಬೇಡವೆಂದರು. ನೇರ ಚಾಪೆಯ ಹತ್ತಿರವೇ ಅವರನ್ನು ಕರೆದುಕೊಂಡು ಹೋಗಿ, "ಇದು ನಾವು ಹೆದರಿ ಒಡ್ದಿರೋದು ಮೇಡಂ. ಇದು ಕೊಬ್ಬರಿ ಅಲ್ಲ. ಮೊದ್ಲು ಇದನ್ನ ನೋಡ್ಬುಡಿ" ಎಂದರು. ಆಮೇಲೆ ಏಣಿ ಹತ್ತಿಸಿ ಅಟ್ಟ ತೋರಿಸಿದರು. ಒಂದು ಕಾಯಿ ಕೈಗೆ ಕೊಟ್ಟು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಎಂದರು. ಅವರು ಅಲ್ಲಾಡಿಸಿದರು. ಒಳಗೆ ನೀರು ಕುಲುಕಿತು.

"ಇದು ಯಾವಾಗ ರೆಡಿ ಆಗುತ್ತೆ?"

"ಆ ಸದ್ದು ನಿಂತ ಮೇಲೆ. ಇನ್ನೂ ಏಳು ತಿಂಗಳು."

"ನಮ್ಮ ಫಾರಮ್ಮಿನಲ್ಲಿ ಈಗ ಎಷ್ಟು ಪರ್ಸೆಂಟ್ ಆಗಿದೆ ಅಂತ ಬರೀಬೇಕು."

ಸಾಬರು ಯೋಚಿಸಿದರು. "ನೀರಿದೆ ಅಂತ ಬರೀರಿ" ಎಂದರು.

ಮೇಡಂ ಏನು ಬರೆದುಕೊಂಡರೋ ಕಾಣಲಿಲ್ಲ. ಮೀಟಿಂಗಿನಲ್ಲಿ ತೀರ್ಮಾನ ಆಗುತ್ತದೆ, ತಿಳಿಸುತ್ತೇವೆ ಎಂದು ಹೊರಟರು. ಹೊರಡುವಾಗ ಕಾಯಿ ಹಿಡಿದ ಅವರ ಕೈ ಮಸಿಯಾಗಿತ್ತು. ಒರೆಸಿಕೊಳ್ಳಲು ಅವ್ವ ಸೆರಗು ಕೊಟ್ಟಳು.

ತಿಳಿಸಲಿಲ್ಲ. ಒಂದು ತಿಂಗಳು, ಎರಡು ತಿಂಗಳು, ಮೂರು. ಟ್ರಸ್ಟಿನ ಹಿರಿಯರಿಗೆ ಹುಷಾರಿಲ್ಲ, ಮೀಟಿಂಗು ಮುಂದಕ್ಕೆ ಹೋಗಿದೆ ಎಂಬ ಸುದ್ದಿ ಮಾತ್ರ ಬಂತು. ದಿನಸಿ ನಿಂತಿತು. ಆಗ ಕೆಲಸಕ್ಕೆ ಬಂದದ್ದು ಹೆಸರು ಹಚ್ಚದೆ ಬಿಟ್ಟಿದ್ದ ಆ ಒಂದು ಭಾಗ. ಅದರಲ್ಲೇ ಹೆಂಗಸರು ಅಕ್ಕಿ ರಾಗಿ ತಂದು ಹಂಚಿಕೊಂಡರು. ಒಂದು ಮನೆಯಲ್ಲಿ ಬಾಣಂತಿ, ಇನ್ನೊಂದರಲ್ಲಿ ಕಾಲು ಮುರಿದವರು. ಇಂಥದ್ದೆಲ್ಲ ಯಾವ ಅರ್ಜಿಯಲ್ಲೂ ಇರಲಿಲ್ಲ. ಕಾಯಿ ಕೊಳ್ಳುವವರು ಟೆಂಪೊ ತಂದು ಬಾಗಿಲಿಲ್ಲದ ಮನೆಗಳ ಮುಂದೆ ನಿಲ್ಲಿಸಿ ಕೂಗುತ್ತಿದ್ದರು. ಯಾವ ಮನೆಯವರು ಯಾವಾಗ ಸೋಲುತ್ತಾರೋ ಎಂದು ಸಾಬರಿಗೆ ದಿನವೂ ಆತಂಕ. ಒಬ್ಬರು ಇಳಿಸಿದರೆ ಉಳಿದವರೂ ಇಳಿಸುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು.

ಆ ದಿನಗಳಲ್ಲಿ ನಾನು ಅವರ ಅಂಗಡಿಯಲ್ಲಿ ಒಂದು ಅಂಗಿ ಹೊಲಿಸಿದೆ. ಅಂಗಿ ನೆಪ, ಸುದ್ದಿ ತಿಳಿಯುವುದೇ ಮುಖ್ಯ. ಅವರು ಭುಜ ಅಳೆಯುತ್ತ ಬೆರಳು ಮಡಚಿ ತಿಂಗಳು ಎಣಿಸುತ್ತಿದ್ದರು. ಅಳತೆ ಮರೆತು ಮತ್ತೆ ಹಿಡಿಯುತ್ತಿದ್ದರು. "ಅವ್ವ ಫೋನ್ ಮಾಡಿದ್ಲು, ಇಲಿ ಬಿದ್ದಾವಂತೆ" ಎನ್ನುವರು. ಇನ್ನೊಂದು ದಿನ, "ಥಂಡಿ ಜಾಸ್ತಿ ಆಯ್ತಲ್ಲ ಸಾರ್, ಒಲೆ ಸರಿಯಾಗಿ ಉರಿಸ್ತಾರೋ ಇಲ್ವೋ" ಎನ್ನುವರು. ಅವರ ಹೆಂಡತಿ ಒಳಗಿನಿಂದ, "ಊರಿನ ಅಟ್ಟ ಎಲ್ಲ ನಿಮ್ಮ ಎದೆ ಮೇಲೇ ಇದೆಯೇನ್ರೀ, ಮಾತ್ರೆ ತಗೊಳ್ಳಿ" ಎಂದು ಕೂಗುವರು. ಮಾತ್ರೆ ಟೇಪಿನ ಪಕ್ಕ ಮೇಜಿನ ಮೇಲೇ ಇರುತ್ತಿತ್ತು.

ಕಾಯಿ ಅಟ್ಟ ಹತ್ತಿ ಹತ್ತನೆಯ ತಿಂಗಳು ದಾಟಿದಾಗ ಅವರು ಅಂಗಡಿಯಲ್ಲೇ ಕುಸಿದರು. ಊರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಎರಡನೆಯ ದಿನ ಮಧ್ಯಾಹ್ನ ನೋಡಲು ಹೋದೆ. ಟೇಪಿಲ್ಲದ ಕೊರಳು ಬರಿದಾಗಿ ಕಾಣುತ್ತಿತ್ತು. ನನ್ನನ್ನು ಕಂಡ ಕೂಡಲೇ ಕೇಳಿದ್ದು: "ಹೋಗಿದ್ರಾ? ಕಾಯಿ ಅಲ್ಲಾಡ್ಸಿ ನೋಡಿದ್ರಾ?"

ನಾನು ಹೋಗಿರಲಿಲ್ಲ. ಕೆಲಸ ಇತ್ತು ಎಂಬುದು ಅರ್ಧ ಕಾರಣ. ಅಲ್ಲಾಡಿಸಿದಾಗ ಒಳಗೆ ಇನ್ನೂ ನೀರೇ ಇದ್ದರೆ ಎಂಬ ಹೆದರಿಕೆ ಉಳಿದರ್ಧ. ಮಂಚದ ಮೇಲಿನ ಮುಖ ನೋಡಿ, ಪರಿಶೀಲಿಸದೆ ಒಂದು ಸಾಲನ್ನೂ ಬರೆಯದ ನಾನು ಹೇಳಿಬಿಟ್ಟೆ: "ನೋಡ್ದೆ ಸಾಬ್ರೆ. ನೀರಿಲ್ಲ. ಎಲ್ಲಾ ಒಣಗಿದೆ."

ಅವರು ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿದರು. ಅಂಗೈ ನೋಡಿದರು. ಉಗುರು ನೋಡಿದರು.

"ನೀವು ಹೋಗಿಲ್ಲ" ಎಂದರು. "ಹೋಗಿದ್ರೆ ಉಗುರಲ್ಲಿ ಮಸಿ ಇರ್ತಿತ್ತು. ಎರಡು ದಿನ ತೊಳೆದ್ರೂ ಹೋಗಲ್ಲ ಅದು."

ಬೇಸರ ಇರಲಿಲ್ಲ ಆ ಮಾತಿನಲ್ಲಿ. ಹೊಲಿಗೆ ಓರೆಯಾಗಿದೆ ಎಂದು ತೋರಿಸುವವರ ದನಿ ಅಷ್ಟೇ. ಕೈ ಬಿಡುತ್ತ, "ನಾಳೆ ಹೋಗ್ಬನ್ನಿ" ಎಂದರು.

ಮಾರನೆಯ ಬೆಳಿಗ್ಗೆ ಹೋದೆ. ಕೊನೆಮನೆ ಅವ್ವ ಏಣಿ ಹಿಡಿದಳು. "ಹುಷಾರು, ದಬ್ಬೆ ಮ್ಯಾಲ್ ಕಾಲಿಡಬ್ಯಾಡ, ತೊಲೆ ಮ್ಯಾಲಿಡು" ಎಂದಳು. ಆರು ತಿಂಗಳ ವರದಿ ಬರೆದವನು ಆ ಅಟ್ಟ ಹತ್ತಿದ್ದು ಅದೇ ಮೊದಲು. ಹೊಗೆಗೆ ಕಪ್ಪಾದ ಕಾಯಿಗಳು ಸೂರಿನವರೆಗೂ ಇದ್ದವು. ಒಂದನ್ನು ಎತ್ತಿ ಕಿವಿಗೆ ಹಿಡಿದೆ. ಅಲ್ಲಾಡಿಸಿದೆ. ಗೊಟಗೊಟ ಎಂದಿತು. ಬೇರೆ ಬೇರೆ ಮೂಲೆಯಿಂದ ಆರಿಸಿ ಹತ್ತು ಕಾಯಿ ನೋಡಿದೆ. ಬರೆದುಕೊಂಡೆ.

ಕೈ ತೊಳೆಯದೆ ಆಸ್ಪತ್ರೆಗೆ ಹೋದೆ. ನರ್ಸು ಬೈದರು. ಸಾಬರ ದನಿ ಹಿಂದಿನ ದಿನಕ್ಕಿಂತ ಇಳಿದಿತ್ತು. ಕೈ ಚಾಚಿ ತೋರಿಸಿದೆ. ನೋಡಿ, ಹೇಳಿ ಎನ್ನುವಂತೆ ಗದ್ದ ಎತ್ತಿದರು.

"ಹತ್ತು ಅಲ್ಲಾಡಿಸಿದೆ. ಏಳರಲ್ಲಿ ನೀರಿಲ್ಲ. ಮೂರರಲ್ಲಿ ಇದೆ."

ತುಟಿ ಸ್ವಲ್ಪ ಅರಳಿತು. "ಈಗ ಪೂರ್ತಿ ಬರೆದ್ರಿ" ಎಂದರು. ಆಮೇಲೆ, "ಆ ಮೂರನ್ನ ಒಡೀಬ್ಯಾಡಿ ಅಂತ ಹೇಳಿ. ಏಳು ಆಯ್ತಲ್ಲ ಅಂತ ಎಲ್ಲಾ ಒಡ್ದುಬುಡ್ತಾರೆ."

ನಾಲ್ಕು ದಿನದ ಮೇಲೆ ಸಾಬರು ಹೋದರು. ಕಾಲೊನಿಯ ಹೆಂಗಸರು ಗೂಡ್ಸ್ ಆಟೋದಲ್ಲಿ ಬಂದು ಬೀದಿಯಲ್ಲೇ ನಿಂತರು, ಒಳಗೆ ಬರಬಹುದೋ ಬಾರದೋ ಎಂದು ಗೊತ್ತಾಗದೆ. ಸಾಬರ ಹೆಂಡತಿ ಹೊರಗೆ ಬಂದು ಕೊನೆಮನೆ ಅವ್ವನ ಕೈ ಹಿಡಿದು ಕರೆದೊಯ್ದರು. "ಬಾಗ್ಲು ಕೊನೇಗೆ ಅಂದೋನು ಬಾಗ್ಲು ನೋಡ್ದಂಗೇ ಹೊಂಟೋದ್ನಲ್ಲವ್ವಾ" ಎಂದು ಅವ್ವ ಅತ್ತದ್ದು ಬೀದಿಯವರೆಗೂ ಕೇಳಿಸಿತು.

ಹದಿನೈದು ದಿನದ ಮೇಲೆ ಒಣಗಿದ ಕಾಯಿಗಳನ್ನು ಮಾತ್ರ ಇಳಿಸಿ ಒಡೆದರು. ಒಂದೊಂದನ್ನೂ ಅಲ್ಲಾಡಿಸಿಯೇ ಇಳಿಸಿದರು. ಸದ್ದು ಕೇಳಿಸಲಿ ಎಂದು ಮಕ್ಕಳನ್ನು ದೂರ ಓಡಿಸಿದ್ದರು. ಹದಿನಾರು ಮನೆಯಲ್ಲಿ ಹದಿನಾಲ್ಕರಲ್ಲಿ ಕಾಯಿ ಉಳಿದಿತ್ತು. ಎರಡು ಮನೆಯವರು ನಡುವೆ ಮಾರಿಕೊಂಡಿದ್ದರು. ನಾನು ಅದನ್ನೂ ಸೇರಿಸಿ ಬರೆದೆ. ಡೆಸ್ಕು ಒಳಪುಟದಲ್ಲಿ ಆರು ಸಾಲು ಹಾಕಿತು. ಫೋಟೋಗೆ ಜಾಗವಿರಲಿಲ್ಲ.

ಎರಡನೇ ಕಂತು ಆಮೇಲೆ ಬಂತು. ಬಾಗಿಲುಗಳೂ ಬಂದವು. ಟ್ರಸ್ಟಿನ ಆ ಮೇಡಂ ಒಮ್ಮೆ ಫೋನು ಮಾಡಿದ್ದರು. ಹೆದರಿ ಒಡೆದ ನಾಲ್ಕು ಕುಕ್ಕೆಯ ವಿಷಯವನ್ನು ಅವರು ತಮ್ಮ ವರದಿಯಲ್ಲಿ ಮೊದಲಿಗೇ ಬರೆದಿದ್ದರಂತೆ. ಅದನ್ನು ಮುಚ್ಚಿಡದೆ ತೋರಿಸಿದವರ ಉಳಿದ ಮಾತನ್ನೂ ನಂಬಬಹುದು ಎಂದು ಮೀಟಿಂಗಿನಲ್ಲಿ ವಾದಿಸಿದರಂತೆ. ಈಗ ಅವರ ಅರ್ಜಿಯ ಮೊದಲ ಪ್ರಶ್ನೆ, "ಕಳೆದ ವರ್ಷ ಈ ಸಮಯದಲ್ಲಿ ನೀವು ಏನು ಮಾಡುತ್ತಿದ್ದಿರಿ?" ಎಂದು. ಅದು ಯಾರ ಪ್ರಶ್ನೆ ಎಂದು ಅರ್ಜಿಯಲ್ಲಿ ಇಲ್ಲ.

ನಾನು ಅಲ್ಲಾಡಿಸಿದ ಆ ಮೂರು ಕಾಯಿಗೆ ಅವ್ವ ಸುಣ್ಣದ ಬೊಟ್ಟು ಇಟ್ಟು ಬೇರೆ ಇರಿಸಿದ್ದಳು. ಒಂದೂವರೆ ತಿಂಗಳ ಮೇಲೆ ಒಡೆದಾಗ ಎರಡು ಚೆನ್ನಾಗಿದ್ದವು, ಒಂದು ಕೆಟ್ಟಿತ್ತು. ಚೆನ್ನಾಗಿದ್ದ ಒಂದು ಉಂಡೆಯನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಸಾಬರ ಮನೆಗೂ, ಇನ್ನೊಂದನ್ನು ನನಗೂ ಕಳಿಸಿದಳು.

ಅಂದಿನಿಂದ, ಎಲ್ಲಿ ಏನು ಕುಸಿದರೂ, ಆ ದಿನದ ವರದಿ ಕಳಿಸಿದ ಕೂಡಲೇ ಮುಂದಿನ ವರ್ಷದ ಡೈರಿಯಲ್ಲಿ ಅದೇ ದಿನದ ಪುಟಕ್ಕೆ ಊರಿನ ಹೆಸರು ಬರೆದಿಡುತ್ತೇನೆ. ಕೆಲವು ಸಲ ಪತ್ರಿಕೆಯಲ್ಲಿ ಬರುತ್ತದೆ, ಹಲವು ಸಲ ಬರುವುದಿಲ್ಲ. ಹೋಗುವುದನ್ನು ತಪ್ಪಿಸಿಲ್ಲ. ನಾಳೆಯ ಪುಟದಲ್ಲಿ ತುರುವೇಕೆರೆ ಕಡೆಯ ಒಂದು ಊರಿದೆ. ಹೋದ ವರ್ಷ ಗಾಳಿಗೆ ಅಲ್ಲಿ ಮನೆಗಳ ಸೂರು ಹಾರಿತ್ತು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇನೆ. ಸಾಬರು ಹೊಲಿದ ಅಂಗಿಯನ್ನೇ ತೆಗೆದಿಟ್ಟಿದ್ದೇನೆ. ಹೋದ ತಿಂಗಳು ಬಿಗಿಯಾಗಿದೆ ಎಂದು ಒಳಗಿನ ಹೊಲಿಗೆ ಬಿಚ್ಚಿಸಿದೆ. ಇನ್ನೂ ಒಂದು ಇಂಚು ಉ‌ಳಿದಿದೆ.